ಜೀವಸತ್ತ್ವಗಳೂ ಒಂದು ಮಗುವೂ

ಮಧುಗಿರಿಯ ಏಕಶಿಲೆಯ ಬೆಟ್ಟವು ಹಿತ್ತಿಲಿನಿಂದಲೇ ಕಾಣುವ ಮನೆಯೊಂದರಲ್ಲಿ ಆರು ವರ್ಷದ ಹುಡುಗನೊಬ್ಬನಿದ್ದಾನೆ. ಹುಡುಗನಿಗೆ ಮಾತು ಬಂದಿಲ್ಲ. ಕಿವಿ ಕೇಳುವುದರಲ್ಲಿ ಸಂದೇಹವಿಲ್ಲ. ಕುಕ್ಕರಿನ ಸಿಳ್ಳು ಕೇಳಿದೊಡನೆಯೇ ಎರಡು ಕೈಗಳಿಂದಲೂ ಕಿವಿಗಳನ್ನು ಮುಚ್ಚಿಕೊಂಡು ಮೂಲೆಗೆ ಓಡುತ್ತಾನೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಮರದ ಬುಗುರಿಯನ್ನು ಕೊಟ್ಟರೆ ಆಡಿಸುವುದಿಲ್ಲ. ಅದನ್ನು ನೆಲದ ಮೇಲೆ ಮಲಗಿಸಿ, ತಾನೂ ಮಲಗಿ, ಅದರ ಬಣ್ಣದ ಗೆರೆಗಳನ್ನು ಗಂಟೆಗಟ್ಟಲೆ ನೋಡುತ್ತಿರುತ್ತಾನೆ. ವೈದ್ಯರು ಇದನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಮಾತು ರೂಢಿಗೆ ಬಂದಿದೆ.

ಈ ಹುಡುಗನು ಮೂರು ಪದಾರ್ಥಗಳನ್ನು ಮಾತ್ರ ತಿನ್ನುತ್ತಿದ್ದನು. ಬಿಳಿಯ ಅನ್ನ, ಅದಕ್ಕೆ ಕಲಸಿದ ಮೊಸರು, ಮತ್ತು ಒಂದು ಬಗೆಯ ಬಿಸ್ಕತ್ತು. ಬಿಸ್ಕತ್ತಿನ ಹೊದಿಕೆಯ ಬಣ್ಣ ಬದಲಾದರೂ ಮುಟ್ಟನು. ಮೊಸರಿನಲ್ಲಿ ಕರಿಬೇವಿನ ಎಲೆಯೊಂದು ತೇಲಿದರೂ ತಟ್ಟೆಯು ಆಚೆಗೆ ಹೋಗುವುದು. ಮನೆಯ ಹಿರಿಯಳಾದ ಅಜ್ಜಿಯು ಕೊರಟಗೆರೆಯ ಕಡೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವಳು. ಮುದ್ದೆ, ಬಸ್ಸಾರು, ಬೆರಕೆಸೊಪ್ಪು, ಹುರುಳಿ, ಅವರೆಗಳಲ್ಲಿ ಆರು ಮಕ್ಕಳನ್ನು ಸಾಕಿದ ಆಕೆಗೆ, ಎದುರಿಗೆ ಅನ್ನವಿಟ್ಟುಕೊಂಡು ಉಪವಾಸ ಕೂರುವ ಮಗುವೊಂದು ಇರಬಹುದೆಂಬುದೇ ಹೊಸ ಸಂಗತಿ.

ಹುಡುಗನ ತಂದೆಯು ಪೇಟೆಯ ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಒಂದು ದಿನ ಆತನು ಏಳು ಸೀಸೆಗಳನ್ನು ತಂದು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟನು. ದೂರದ ಪಟ್ಟಣದ ಮಾರಾಟಗಾರನೊಬ್ಬನು ಹುಡುಗನ ತಲೆಗೂದಲನ್ನು ಕತ್ತರಿಸಿ ತರಿಸಿಕೊಂಡು, ಅದನ್ನು ಪರೀಕ್ಷಿಸಿದಂತೆ ಹೇಳಿ, ಕೆಂಪು ಗೆರೆಗಳ ಒಂದು ನಕ್ಷೆಯನ್ನು ಕಳುಹಿಸಿದ್ದನು. ರೋಗವೆಲ್ಲ ಜೀವಸತ್ತ್ವಗಳ ಕೊರತೆಯದು, ಈ ಸೀಸೆಗಳು ಮುಗಿಯುವುದರೊಳಗೆ ಮಗು ಮಾತಾಡುವುದು ಎಂಬುದು ಅವನ ಭರವಸೆ. ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ. ಎಂದರೆ ತಂದೆಯ ಸಂಬಳದ ಅರ್ಧ. ಮೂರನೆಯ ತಿಂಗಳಿನಲ್ಲಿ ಸೊಸೆಯ ಬಳೆಗಳೆರಡು ಗಿರವಿ ಅಂಗಡಿಯನ್ನು ಸೇರಿದುವು.

ಅಜ್ಜಿಯು ಸೀಸೆಯೊಂದನ್ನು ಕೈಗೆತ್ತಿಕೊಂಡು, ಅಲ್ಲಾಡಿಸಿ ನೋಡಿ, “ಏನಪ್ಪಾ, ಈ ಸೀಸೆಯಲ್ಲಿ ಇರುವಂಥಾದ್ದು ನಮ್ಮ ವಾಡೆಯಲ್ಲಿ ಇಲ್ಲವಾ?” ಎಂದು ಕೇಳಿದಳು.

“ನಿನಗೆ ಅದೆಲ್ಲ ತಿಳಿಯುವುದಿಲ್ಲ, ಸುಮ್ಮನಿರಮ್ಮ” ಎಂದು ಮಗನು ಹೇಳಿದನು. ಆದರೆ ತಿಳಿಯದವರ ಪ್ರಶ್ನೆಯೆಂದು ತಳ್ಳಿಬಿಡುವಂಥ ಪ್ರಶ್ನೆ ಅದಲ್ಲ. ಅನ್ನಕ್ಕೂ ಮನಸ್ಸಿಗೂ ಏನು ಸಂಬಂಧವೆಂಬ ವಿಚಾರವು ಈ ದೇಶದಲ್ಲಿ ಬಹು ಪುರಾತನವಾದುದು. ಛಾಂದೋಗ್ಯದಲ್ಲಿ ಬರುವ ಶ್ವೇತಕೇತುವಿನ ಪ್ರಸಂಗವು ಪಾಠಶಾಲೆಯಲ್ಲಿ ಓದಿದವರೆಲ್ಲರಿಗೂ ಪರಿಚಿತವಾದುದೇ. ಹನ್ನೆರಡು ವರ್ಷ ವೇದವನ್ನು ಓದಿ ಗರ್ವದಿಂದ ಮನೆಗೆ ಬಂದ ಮಗನಿಗೆ, ತಂದೆಯಾದ ಉದ್ದಾಲಕನು ಹದಿನೈದು ದಿನ ಅನ್ನವನ್ನು ಬಿಟ್ಟು ನೀರನ್ನು ಮಾತ್ರ ಕುಡಿದಿರುವಂತೆ ಅಪ್ಪಣೆ ಮಾಡುತ್ತಾನೆ. ಹದಿನಾರನೆಯ ದಿನ ಋಕ್ಕನ್ನು ಹೇಳೆಂದರೆ ಒಂದೂ ನೆನಪಿಗೆ ಬಾರದು. ಉಂಡು ಬಂದಮೇಲೆ ಕೇಳಿದುದೆಲ್ಲವೂ ತಾನಾಗಿ ಹೊಳೆಯುತ್ತದೆ. ಉದ್ದಾಲಕನ ಕ್ರಮದಲ್ಲಿ ಗಮನಿಸಬೇಕಾದುದು ಒಂದುಂಟು. ಆತನು ಮಗನಿಗೆ ವಿಷಯವನ್ನು ಹೇಳಿ ನಂಬಿಸಲಿಲ್ಲ. ಕೊಟ್ಟು ನೋಡಿ, ಬಿಡಿಸಿ ನೋಡಿ ತೋರಿಸಿದನು. ತಾರ್ಕಿಕರು ಅನ್ವಯ ವ್ಯತಿರೇಕಗಳೆಂದು ಕರೆಯುವುದು ಇದನ್ನೇ.

ಈಚಿನ ಕಾಲದಲ್ಲಿ ಜೀವಸತ್ತ್ವಗಳನ್ನು ಕಂಡುಹಿಡಿದುದೂ ಇದೇ ಮಾರ್ಗದಿಂದಲೇ. ಜಾವಾ ದ್ವೀಪದಲ್ಲಿ ಡಚ್ಚರ ವೈದ್ಯನಾದ ಐಕ್ಮನ್ನನು ಕೋಳಿಗಳಿಗೆ ನುಣ್ಣಗೆ ಪಾಲಿಷ್ ಮಾಡಿದ ಅಕ್ಕಿಯನ್ನು ಹಾಕಿದಾಗ ಅವುಗಳ ಕಾಲುಗಳು ಸೋತುವು. ತೌಡು ಹೋಗದ ಅಕ್ಕಿಯನ್ನು ಹಾಕಿದಾಗ ಚೇತರಿಸಿಕೊಂಡುವು. ೧೯೧೨ರಲ್ಲಿ ಪೋಲೆಂಡಿನ ಫಂಕನು ಇಂಥ ವಸ್ತುಗಳಿಗೆ ವಿಟಮಿನ್ ಎಂಬ ಹೆಸರನ್ನು ಕಟ್ಟಿದನು. ಕನ್ನಡನಾಡಿಗೆ ಸಮೀಪದ ಕತೆಯನ್ನೇ ಹೇಳುವುದಾದರೆ, ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯನು ಇಂಡಿಯಾದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳ ಬೇರೆ ಬೇರೆ ಗುಂಪುಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆಯನ್ನು ತೂಗಿ ನೋಡಿದನು. ಗೋಧಿಯ ರೊಟ್ಟಿ, ಹಾಲು, ಕಾಳು, ಸೊಪ್ಪುಗಳನ್ನುಳ್ಳ ಪಂಜಾಬಿನ ಊಟವು ಮೇಲಾಯಿತು. ಬಿಳಿಯ ಅಕ್ಕಿಯನ್ನೇ ನೆಚ್ಚಿದ ಮದ್ರಾಸಿನ ಊಟವು ತೀರ ಕೆಳಗೆ ಬಂದಿತು. ಮೆಕ್ಯಾರಿಸನ್ನನ ತರುವಾಯ ಅಲ್ಲಿಯೇ ಕೆಲಸ ಮಾಡಿದ ಐಕ್ರಾಯ್ಡನು ೧೯೩೭ರಲ್ಲಿ ಈ ದೇಶದ ಆಹಾರ ಪದಾರ್ಥಗಳ ಗುಣಗಳ ಪಟ್ಟಿಯನ್ನು ಅಚ್ಚು ಮಾಡಿಸಿದನು. ಆ ಪ್ರಯೋಗಶಾಲೆಯು ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಅದೇ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ತೆರೆದರೆ ಅಜ್ಜಿಯ ವಾಡೆಯಲ್ಲಿ ಏನಿದೆಯೆಂಬುದು ಅಂಕಿಗಳಲ್ಲಿಯೇ ಕಾಣುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ೩೬೪ ಮಿಲಿಗ್ರಾಂ. ಬಿಳಿಯ ಅಕ್ಕಿಯಲ್ಲಿ ಏಳೆಂಟು ಮಿಲಿಗ್ರಾಂ ಮಾತ್ರ. ಕಬ್ಬಿಣವು ರಾಗಿಯಲ್ಲಿ ೪.೬, ಹುರುಳಿಯಲ್ಲಿ ೮.೭ ಮಿಲಿಗ್ರಾಂ, ಬಿಳಿಯ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ನುಗ್ಗೆಸೊಪ್ಪಿನಲ್ಲಿ ಸುಣ್ಣವೂ ಕಣ್ಣಿಗೆ ಬೇಕಾದ ಎ ಜೀವಸತ್ತ್ವದ ಮೂಲವಸ್ತುವೂ ಹೇರಳವಾಗಿವೆ. ಪಾವಗಡ, ಸಿರಾ ಸೀಮೆಗಳ ಬಡವರ ಉಣಿಸೆಂದು ಒಂದು ಕಾಲದಲ್ಲಿ ಪೇಟೆಯವರು ಮೂಗು ಮುರಿಯುತ್ತಿದ್ದ ಪದಾರ್ಥಗಳೇ ಇವೆಲ್ಲ. ಆದರೂ ಅಂಕಿಗಳನ್ನು ನೋಡಿ ಹಿಗ್ಗಿಬಿಡಬಾರದು. ಕಾಳಿನಲ್ಲಿ ಇದ್ದುದೆಲ್ಲವೂ ಮೈಗೆ ಸೇರುವುದಿಲ್ಲ. ರಾಗಿಯಲ್ಲಿರುವ ಫೈಟೇಟು ಮತ್ತು ಒಗರಿನ ಅಂಶಗಳು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತವೆ. ಮೊಳಕೆ ಕಟ್ಟಿದರೆ ಆ ಹಿಡಿತವು ಸಡಿಲವಾಗುತ್ತದೆ. ನಿಂಬೆಯ ಹುಳಿಯನ್ನೋ ನೆಲ್ಲಿಕಾಯಿಯನ್ನೋ ಜೊತೆಗೆ ತೆಗೆದುಕೊಂಡರೆ ಇನ್ನಷ್ಟು ಒಳಗೆ ಸೇರುತ್ತದೆ. ಊಟದ ಬೆನ್ನಿಗೇ ಚಹ ಕುಡಿದರೆ ಕೆಟ್ಟಿತು. ಮೊಳಕೆಯ ರಾಗಿಯನ್ನು ಒಣಗಿಸಿ, ಬೀಸಿ, ಹಸುಗೂಸಿಗೆ ಸರಿ ಮಾಡಿ ತಿನ್ನಿಸುವ ಪದ್ಧತಿಯು ಈ ಸೀಮೆಯಲ್ಲಿ ಯಾವ ರಸಾಯನಶಾಸ್ತ್ರವನ್ನೂ ಕಾಯದೆ ನಡೆದು ಬಂದಿದೆ.

ಹುಡುಗನ ತಾಯಿಯ ತವರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಾರಾಟಗಾರನ ಮಾತನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಂಬಿದವಳು ಆಕೆ. ಅದಕ್ಕಾಗಿ ಆಕೆಯನ್ನು ಹಳಿಯುವುದು ತರವಲ್ಲ. ಆಕೆಯ ದೊಡ್ಡಪ್ಪನ ಬೆನ್ನು ಐವತ್ತನೆಯ ವಯಸ್ಸಿಗೆ ಬಿಲ್ಲಿನಂತೆ ಬಾಗಿತ್ತು. ಕತ್ತನ್ನು ತಿರುಗಿಸಬೇಕಾದರೆ ಇಡೀ ಮೈಯನ್ನು ತಿರುಗಿಸುತ್ತಿದ್ದನು. ಊರಿನ ಹುಡುಗರ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳು. ಕೊಳವೆಬಾವಿಯ ನೀರು ನೋಡಲು ಸ್ಫಟಿಕದಂತೆ ತಿಳಿ. ಆದರೆ ಅದರಲ್ಲಿ ಫ್ಲೋರೈಡ್ ಇದ್ದಿತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧.೫ ಮಿಲಿಗ್ರಾಮನ್ನು ಮೀರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕಟ್ಟಳೆ. ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆಗಳ ಅನೇಕ ಕೊಳವೆಬಾವಿಗಳು ಈ ಎಲ್ಲೆಯನ್ನು ದಾಟಿದುವು. ಈ ರೋಗವನ್ನು ದಕ್ಷಿಣ ಇಂಡಿಯಾದಲ್ಲಿ ಮೊದಲು ವಿವರಿಸಿದುದು ೧೯೩೭ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ೧೯೭೩ರಲ್ಲಿ ಹೈದರಾಬಾದಿನ ಪೋಷಣ ಸಂಸ್ಥೆಯವರು ಫ್ಲೋರೈಡಿನ ಸೀಮೆಯ ಎಳೆಯರಲ್ಲಿ ಮಂಡಿಗಳು ಒಂದಕ್ಕೊಂದು ತಗಲುವಂತೆ ಕಾಲು ತಿರುಚಿಕೊಳ್ಳುವ ರೋಗವನ್ನು ವರ್ಣಿಸಿದರು. ಊಟದಲ್ಲಿ ಸುಣ್ಣದ ಅಂಶವು ಕಡಿಮೆಯಾಗಿರುವವರಿಗೆ ಫ್ಲೋರೈಡಿನ ಬಾಧೆಯು ಹೆಚ್ಚೆಂಬುದು ಮುಂದೆ ಸ್ಪಷ್ಟವಾಯಿತು. ಕಣ್ಣಿಗೆ ಕಾಣದ ಒಂದು ವಸ್ತು ನೀರಿನಲ್ಲಿ ಹೆಚ್ಚಾಗಿ ದೊಡ್ಡಪ್ಪನ ಬೆನ್ನನ್ನು ಬಗ್ಗಿಸಿತು. ಹಾಗಿದ್ದಮೇಲೆ ಕಣ್ಣಿಗೆ ಕಾಣದ ಇನ್ನೊಂದು ವಸ್ತು ಕಡಿಮೆಯಾಗಿ ಮಗನ ನಾಲಗೆಯನ್ನು ಕಟ್ಟಿರಬಾರದೇಕೆ? ತಾಯಿಯ ಊಹೆಯು ಹೀಗೆ ನಡೆಯಿತು. ಊಹೆಯಲ್ಲಿ ತಪ್ಪಿಲ್ಲ. ಅದು ನಿಜವೋ ಅಲ್ಲವೋ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಪರೀಕ್ಷೆಗಳೇನೋ ನಡೆದಿವೆ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಗೆ ಹೆಸರು ಕೊಟ್ಟನು. ಅವರಲ್ಲಿ ಹಲವರಿಗೆ ಹುಟ್ಟಿದಂದಿನಿಂದಲೇ ಊಟದ ತೊಡಕಿತ್ತೆಂದು ಆತನೇ ಬರೆದಿದ್ದಾನೆ. ಮುಂದೆ ಕೆಲವು ಕಾಲ, ತಾಯಿಯ ವಾತ್ಸಲ್ಯವು ಸಾಲದೆ ಮಗುವು ಹೀಗಾಯಿತೆಂಬ ಕ್ರೂರವಾದ ಮಾತೊಂದು ವಿದ್ವಾಂಸರಲ್ಲಿಯೇ ಹಬ್ಬಿತ್ತು. ಅದನ್ನು ಒಡೆದವರಲ್ಲಿ ಮುಖ್ಯನಾದವನು ರಿಮ್‌ಲ್ಯಾಂಡ್. ತಾನೇ ಅಂಥ ಮಗನೊಬ್ಬನ ತಂದೆ. ೧೯೬೪ರ ತನ್ನ ಪುಸ್ತಕದಲ್ಲಿ ಇದು ಹುಟ್ಟಿನಿಂದ ಬಂದ ಮೆದುಳಿನ ವಿಷಯವೆಂದು ಆತನು ವಾದಿಸಿದನು. ಈಗ ವಂಶದಿಂದ ಬರುವ ಕಾರಣಗಳೇ ಹೆಚ್ಚೆಂಬುದು ನಿಶ್ಚಯವಾಗಿದೆ. ಲೋಕದಲ್ಲಿ ಸುಮಾರು ನೂರು ಮಕ್ಕಳಲ್ಲಿ ಒಂದಕ್ಕೆ ಈ ಸ್ಥಿತಿಯಿದೆಯೆಂದು ಅಂದಾಜು.

ತಾಯಿಯ ಮೇಲಿನ ಅಪವಾದವನ್ನು ತೊಡೆದ ಅದೇ ರಿಮ್‌ಲ್ಯಾಂಡನು, ಬಿ ಆರು ಎಂಬ ಜೀವಸತ್ತ್ವವನ್ನು ಮೆಗ್ನೀಸಿಯಂ ಜೊತೆಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಗುಣವುಂಟೆಂದು ಹೇಳತೊಡಗಿದನು. ಸೀಸೆಗಳ ವಂಶವೃಕ್ಷದ ಬೇರು ಅಲ್ಲಿದೆ. ಪರೀಕ್ಷೆಗಳೆಲ್ಲವನ್ನೂ ಒಟ್ಟುಗೂಡಿಸಿ ನೋಡಿದ ಪಂಡಿತರು ೨೦೦೫ರಲ್ಲಿ, ಪರೀಕ್ಷೆಗಳು ಕೆಲವೇ, ಪರೀಕ್ಷೆಗೆ ಒಳಪಟ್ಟವರೂ ಕೆಲವರೇ, ಇದನ್ನು ಚಿಕಿತ್ಸೆಯೆಂದು ಹೇಳಲು ಆಧಾರವು ಸಾಲದು ಎಂದು ಬರೆದರು. ಅರಿಜೋನದ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಆಡಮ್ಸ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕನು, ಆತನೂ ಅಂಥ ಮಗಳೊಬ್ಬಳ ತಂದೆಯೇ, ೨೦೧೧ರಲ್ಲಿ ಇಂಥ ೫೫ ಮಕ್ಕಳ ರಕ್ತವನ್ನೂ ಇತರ ೪೪ ಮಕ್ಕಳ ರಕ್ತವನ್ನೂ ಹೋಲಿಸಿ ಪ್ರಕಟಿಸಿದನು. ಕೆಲವು ಜೀವಸತ್ತ್ವಗಳು ಮೊದಲ ಗುಂಪಿನಲ್ಲಿ ಸರಾಸರಿಯಾಗಿ ಕಡಿಮೆಯಿದ್ದುವು. ಆದರೆ ಬಹುಪಾಲು ಅಳತೆಗಳು ಆರೋಗ್ಯವಂತರ ಎಲ್ಲೆಯೊಳಗೇ ಇದ್ದುವು. ಅದೇ ವರ್ಷ ೧೪೧ ಮಂದಿಯ ಮೇಲೆ ಮೂರು ತಿಂಗಳ ಪರೀಕ್ಷೆಯನ್ನೂ ಆತನು ಪ್ರಕಟಿಸಿದನು. ಒಂದು ಗುಂಪಿಗೆ ಜೀವಸತ್ತ್ವಗಳ ಮಿಶ್ರಣ, ಇನ್ನೊಂದಕ್ಕೆ ಹಾಗೆಯೇ ಕಾಣುವ ಸತ್ತ್ವಹೀನ ಪೇಯ. ತಂದೆತಾಯಿಗಳು ತುಂಬಿಕೊಟ್ಟ ಅಂದಾಜು ಪಟ್ಟಿಯೊಂದರಲ್ಲಿ ಮೊದಲನೆಯ ಗುಂಪಿಗೆ ಸ್ವಲ್ಪ ಹೆಚ್ಚಿನ ಗುಣವು ಕಂಡಿತು. ಇದನ್ನು ತಳ್ಳಿಹಾಕಬೇಕಾದುದೂ ಇಲ್ಲ, ಇದರ ಮೇಲೆ ಬಳೆಗಳನ್ನು ಗಿರವಿಯಿಡುವಷ್ಟು ಬಲವೂ ಇದಕ್ಕಿಲ್ಲ.

ಸತ್ತ್ವಹೀನ ಪೇಯವೇಕೆ ಬೇಕು ಎಂದು ಕೇಳುವವರಿಗೆ ಕಾಕತಾಲೀಯ ನ್ಯಾಯವನ್ನು ನೆನಪಿಗೆ ತಂದುಕೊಟ್ಟರೆ ಸಾಕು. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಗಳಿಗೆಯು ಒಂದೇ ಆದ ಮಾತ್ರಕ್ಕೆ ಕಾಗೆಯು ಹಣ್ಣನ್ನು ಕೆಡವಿತೆಂದು ಆಗುವುದಿಲ್ಲ. ಮಕ್ಕಳು ಬೆಳೆಯುತ್ತಿರುತ್ತಾರೆ, ಬೆಳೆಯುವಾಗ ಏನಾದರೊಂದು ಹೊಸದನ್ನು ಕಲಿತೇ ಕಲಿಯುತ್ತಾರೆ, ಆ ತಿಂಗಳು ಯಾವ ಔಷಧವನ್ನು ಕುಡಿಸುತ್ತಿದ್ದರೋ ಕೀರ್ತಿಯೆಲ್ಲ ಅದಕ್ಕೆ ಸಲ್ಲುತ್ತದೆ. ಇದಕ್ಕೆ ಸೆಕ್ರೆಟಿನ್ ಎಂಬ ವಸ್ತುವಿನ ಕತೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅದು ಜೀವಸತ್ತ್ವವಲ್ಲ, ಕರುಳಿನಲ್ಲಿ ಹುಟ್ಟುವ ಒಂದು ರಸ. ೧೯೯೮ರಲ್ಲಿ ಅದನ್ನು ಚುಚ್ಚಿಸಿಕೊಂಡ ಕೆಲವು ಮಕ್ಕಳು ಚೆನ್ನಾದರೆಂಬ ಸುದ್ದಿ ಹರಡಿ ಸಾವಿರಾರು ತಂದೆತಾಯಿಗಳು ಅದಕ್ಕಾಗಿ ಮುಗಿಬಿದ್ದರು. ೧೯೯೯ರಲ್ಲಿ ಅರುವತ್ತು ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸೆಕ್ರೆಟಿನ್ನನ್ನೂ ಇನ್ನೊಂದು ಪಾಲಿಗೆ ಉಪ್ಪುನೀರನ್ನೂ ಚುಚ್ಚಿದರು. ಯಾರಿಗೆ ಯಾವುದೆಂಬುದು ತಂದೆತಾಯಿಗಳಿಗೂ ತಿಳಿಯದು, ಪರೀಕ್ಷಕರಿಗೂ ತಿಳಿಯದು. ಎರಡು ಪಾಲಿನವರೂ ಸ್ವಲ್ಪ ಸ್ವಲ್ಪ ಚೆನ್ನಾದರು, ವ್ಯತ್ಯಾಸವೇ ಇಲ್ಲ. ಇನ್ನೂ ಸೋಜಿಗವಾದುದು ಮುಂದಿನದು. ಫಲವನ್ನು ತಿಳಿಸಿದ ಮೇಲೆಯೂ ನೂರಕ್ಕೆ ೬೯ ಮಂದಿ ತಂದೆತಾಯಿಗಳು ತಮ್ಮ ಮಗುವಿಗೆ ಸೆಕ್ರೆಟಿನ್ ಬೇಕೆಂಬ ಆಸೆಯನ್ನು ಬಿಡಲಿಲ್ಲ. ಇದನ್ನು ಓದಿ ನಗುವವನಿಗೆ ಮಾತು ಬಾರದ ಮಗುವಿಲ್ಲವೆಂದು ತಿಳಿಯಬೇಕು.

ಗರ್ಭಿಣಿಯರ ವಿಷಯದಲ್ಲಿ ಸಂಗತಿಯು ಬೇರೆಯಾಗಿದೆ. ಸೊಪ್ಪಿನಲ್ಲಿರುವ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವುದಕ್ಕೆ ಮೊದಲಿನಿಂದಲೂ ತೆಗೆದುಕೊಂಡರೆ ಶಿಶುವಿನ ಬೆನ್ನುಹುರಿಯ ದೋಷಗಳು ತಪ್ಪುವುವೆಂಬುದು ಸಿದ್ಧವಾದ ವಿಷಯ. ಆ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡಕ್ಕೆ ಮುಖ್ಯಸ್ಥನಾಗಿದ್ದವನು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ಸಂತೋಷದ ಮಾತು. ೨೦೧೩ರಲ್ಲಿ ನಾರ್ವೆ ದೇಶದ ೮೫,೧೭೬ ಮಕ್ಕಳ ವೃತ್ತಾಂತವನ್ನು ನೋಡಿದಾಗ, ಫೋಲಿಕ್ ಆಮ್ಲವನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಸ್ವಲೀನತೆಯು ನೂರಕ್ಕೆ ೦.೧೦ರಷ್ಟು, ತೆಗೆದುಕೊಳ್ಳದವರಲ್ಲಿ ೦.೨೧ರಷ್ಟು ಕಂಡಿತು. ಇಲ್ಲಿಯೂ ತಾರ್ಕಿಕನು ಒಂದು ಗಳಿಗೆ ನಿಲ್ಲುವನು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆನ್ನಲಾಗದು; ಹಸಿಯ ಸೌದೆಯೆಂಬ ಉಪಾಧಿಯಿದ್ದಾಗ ಮಾತ್ರ ಹೊಗೆ. ಮಾತ್ರೆಯನ್ನು ನೆನಪಿಟ್ಟು ನುಂಗುವ ತಾಯಿಯು ಬೇರೆ ವಿಷಯಗಳಲ್ಲಿಯೂ ಎಚ್ಚರಿಕೆಯುಳ್ಳವಳಾಗಿರಬಹುದು; ಗುಣವು ಮಾತ್ರೆಯದೋ ಎಚ್ಚರಿಕೆಯದೋ? ಆದರೂ ಬೆನ್ನುಹುರಿಯ ಕಾರಣವೊಂದಕ್ಕಾಗಿಯೇ ಆ ಮಾತ್ರೆಯು ಬೇಕೇ ಬೇಕಾದುದರಿಂದ, ಈ ಸಂದೇಹವು ಬಗೆಹರಿಯುವವರೆಗೆ ಗರ್ಭಿಣಿಯು ಕಾಯಬೇಕಾದ ಪ್ರಮೇಯವಿಲ್ಲ.

ಹೆಚ್ಚು ಕೊಟ್ಟರೆ ನಷ್ಟವೇನು, ಗುಣವಾಗದಿದ್ದರೆ ಬೇಡ ಎಂಬ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಪಾವಗಡದವರು ಈ ಮಾತನ್ನು ಆಡಲಾರರು. ಫ್ಲೋರೈಡೂ ಸ್ವಲ್ಪವಿದ್ದರೆ ಹಲ್ಲಿಗೆ ಒಳ್ಳೆಯದೇ. ಬಿ ಆರು ಜೀವಸತ್ತ್ವವನ್ನು ಗ್ರಾಂಗಟ್ಟಲೆ ನುಂಗಿದ ಏಳು ಮಂದಿಗೆ ಕೈಕಾಲುಗಳ ನರಗಳು ಕೆಟ್ಟು, ನೆಲದ ಮೇಲೆ ಕಾಲೂರಿದುದೇ ತಿಳಿಯದಂತೆ ಆದುದನ್ನು ೧೯೮೩ರಲ್ಲಿ ಅಮೆರಿಕದ ವೈದ್ಯರು ವರ್ಣಿಸಿದ್ದಾರೆ. ಎ ಮತ್ತು ಡಿ ಜೀವಸತ್ತ್ವಗಳು ಮೈಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತವೆ. ಇನ್ನು ಲೋಹದ ವಿಷವನ್ನು ಇಳಿಸುತ್ತೇವೆಂದು ರಕ್ತಕ್ಕೆ ಔಷಧವನ್ನು ಹತ್ತಿಸಿ, ೨೦೦೫ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ವಲೀನತೆಯಿದ್ದ ಐದು ವರ್ಷದ ಮಗುವೊಂದನ್ನು ಕಳೆದುಕೊಂಡದ್ದೂ ಉಂಟು.

ಮಧುಗಿರಿಯ ಮನೆಗೆ ಹಿಂದಿರುಗೋಣ. ಐದು ತಿಂಗಳು ಕಳೆದುವು. ಹುಡುಗನು ಮಾತ್ರೆಗಳಲ್ಲಿ ಅರ್ಧವನ್ನು ಉಗುಳುತ್ತಿದ್ದನು, ಅರ್ಧವನ್ನು ಬಾಯಿ ಹಿಡಿದು ನುಂಗಿಸುತ್ತಿದ್ದರು. ಮಾತು ಬರಲಿಲ್ಲ, ಬದಲಾಗಿ ಇದ್ದ ನಿದ್ರೆಯೂ ಹೋಯಿತು. ರಾತ್ರಿ ಎರಡು ಗಂಟೆಗೆ ಎದ್ದು ಕಾಲುಗಳನ್ನು ನೆಲಕ್ಕೆ ಬಡಿಯುವನು. ತಾಯಿಯು ಬೆಳಗಾಗುವವರೆಗೂ ಕಾಲು ಒತ್ತುತ್ತ ಕುಳಿತಿರುವಳು. ಮನೆಯಲ್ಲಿ ಯಾರೊಬ್ಬರೂ ಇನ್ನೊಬ್ಬರೊಡನೆ ಮೆತ್ತಗೆ ಮಾತನಾಡದಂಥ ಕಾಲವದು. ಮಾರಾಟಗಾರನು ಪ್ರಮಾಣವನ್ನು ಇಮ್ಮಡಿ ಮಾಡಿರೆಂದು ತಿಳಿಸಿದನು.

ಅಷ್ಟರಲ್ಲಿ ಹುಡುಗನನ್ನು ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಸೇರಿಸಿದ್ದರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಇಲ್ಲಿಯ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವುಂಟು. ೨೦೧೩ರಲ್ಲಿ ಹಾಲು ಬಂದಿತು, ೨೦೨೨ರಲ್ಲಿ ಮೊಟ್ಟೆಯೂ ಅದನ್ನು ತಿನ್ನದವರಿಗೆ ಬಾಳೆಯಹಣ್ಣೂ ಬಂದುವು, ೨೦೨೪ರಲ್ಲಿ ಹಾಲಿನೊಡನೆ ರಾಗಿಯ ಹುಡಿಯೂ ಸೇರಿತು. ಪಾಲಿಷ್ ಅಕ್ಕಿಯ ವ್ಯಾಮೋಹದಲ್ಲಿ ಮೂರು ತಲೆಮಾರು ಕಳೆದ ಮೇಲೆ ರಾಗಿಯು ಸರ್ಕಾರದ ಲೋಟದಲ್ಲಿ ಮರಳಿ ಬಂದುದು ವಿನೋದವೇ ಸರಿ. ಹುಡುಗನು ಇವು ಯಾವುದನ್ನೂ ಮುಟ್ಟಲಿಲ್ಲ. ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆಯನ್ನೂ ಉಗುಳಿದನು. ಆದರೆ ಶಾಲೆಗೆ ಸೇರಿಸಿದುದರಿಂದ ಒಂದು ಉಪಕಾರವಾಯಿತು. ೨೦೧೩ರಲ್ಲಿ ಮೊದಲಾದ ಮಕ್ಕಳ ಆರೋಗ್ಯ ತಪಾಸಣೆಯ ಯೋಜನೆಯ ಪ್ರಕಾರ ವೈದ್ಯರ ತಂಡವೊಂದು ಶಾಲೆಗೆ ಬಂದಿತು. ಹುಟ್ಟಿನ ದೋಷ, ಕೊರತೆ, ರೋಗ, ಬೆಳವಣಿಗೆಯ ಕುಂಠಿತ ಈ ನಾಲ್ಕನ್ನೂ ನೋಡುವುದು ಅವರ ಕೆಲಸ.

ವೈದ್ಯೆಯು ಹುಡುಗನ ಕೆಳರೆಪ್ಪೆಯನ್ನು ಇಳಿಸಿ ನೋಡಿದಳು. ಕೆಂಪಾಗಿರಬೇಕಾದುದು ಕಾಗದದಂತೆ ಬೆಳ್ಳಗಿತ್ತು.

“ಮಣ್ಣು, ಸುಣ್ಣ ಏನಾದರೂ ತಿನ್ನುತ್ತಾನಾ ಅಮ್ಮಾ?” ಎಂದು ತಾಯಿಯನ್ನು ಕೇಳಿದಳು.

ತಾಯಿಯು ಬಹಳ ಹೊತ್ತು ಸುಮ್ಮನಿದ್ದು, ತರುವಾಯ ಅಳತೊಡಗಿದಳು. ಹುಡುಗನು ಒಂದು ವರ್ಷದಿಂದಲೂ ಮಲಗುವ ಕೋಣೆಯ ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದನು. ಆಕೆಯು ಆ ಗುಳಿಗಳಿಗೆ ಅಡ್ಡವಾಗಿ ಮಂಚವನ್ನು ಸರಿಸಿಟ್ಟು, ಅತ್ತೆಗೂ ಗಂಡನಿಗೂ ತಿಳಿಯದಂತೆ ಮುಚ್ಚಿಟ್ಟಿದ್ದಳು. ಇದೂ ಆ ರೋಗದ ಇನ್ನೊಂದು ಲಕ್ಷಣ, ತಿಳಿದರೆ ಮಗುವನ್ನು ಇನ್ನಷ್ಟು ಹೀನಾಯವಾಗಿ ನೋಡುವರು ಎಂಬ ಭಯ.

ರಕ್ತದ ಹಿಮೋಗ್ಲೋಬಿನ್ ೮.೧ ಇದ್ದಿತು. ಆ ವಯಸ್ಸಿಗೆ ೧೧.೫ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆನಿಸುತ್ತದೆ. ಏಳು ಸೀಸೆಗಳಲ್ಲಿ ಇಪ್ಪತ್ತಕ್ಕೂ ಮೀರಿದ ವಸ್ತುಗಳ ಹೆಸರಿದ್ದುವು. ಕಬ್ಬಿಣವು ಒಂದರಲ್ಲಿಯೂ ಇರಲಿಲ್ಲ. ಬಿ ಆರು ಮಾತ್ರ ದೊಡ್ಡವರಿಗೂ ಹೆಚ್ಚಾಗುವಷ್ಟು ಇದ್ದಿತು. ಇಷ್ಟು ದುಡ್ಡಿಗೆ ಯಾರೊಬ್ಬರೂ ಹುಡುಗನ ಕಣ್ಣಿನ ರೆಪ್ಪೆಯನ್ನು ಇಳಿಸಿ ನೋಡಿರಲಿಲ್ಲ.

ರಕ್ತಹೀನತೆಗೆ ಸ್ವಲೀನತೆಯೇ ಬೇಕೆಂದೇನೂ ಇಲ್ಲ. ೨೦೧೯–೨೧ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫ಕ್ಕೂ ಹೆಚ್ಚು ಮಂದಿ ರಕ್ತಹೀನರು. ಇತರ ಮಕ್ಕಳು ಹಸಿದಾಗ ಕೈಗೆ ಸಿಕ್ಕಿದುದನ್ನು ತಿಂದು ಕೊರತೆಯನ್ನು ಸ್ವಲ್ಪವಾದರೂ ತುಂಬಿಕೊಳ್ಳುತ್ತಾರೆ. ಈ ಮಕ್ಕಳಿಗೆ ರುಚಿಗಿಂತ ಮೊದಲು ಬಣ್ಣ, ವಾಸನೆ, ನುಣುಪು ಒರಟುಗಳೇ ಅಡ್ಡಗೋಡೆಯಾಗುತ್ತವೆ. ಹೊಟ್ಟೆ ತುಂಬಿದ ಮನೆಗಳಲ್ಲಿಯೇ ಇಂಥ ಮಕ್ಕಳಿಗೆ ಸಿ ಜೀವಸತ್ತ್ವವಿಲ್ಲದೆ ವಸಡಿನಲ್ಲಿ ರಕ್ತ ಬಂದು ನಡಿಗೆ ನಿಂತುಹೋದುದನ್ನೂ, ಎ ಜೀವಸತ್ತ್ವವಿಲ್ಲದೆ ದೃಷ್ಟಿ ಹೋದುದನ್ನೂ ಹಲವು ದೇಶಗಳ ವೈದ್ಯರು ಬರೆದಿದ್ದಾರೆ. ಮೈನೋವನ್ನು ಬಾಯಿಬಿಟ್ಟು ಹೇಳಲಾರದ ಮಗುವು ಕಾಲು ಬಡಿದರೆ, ಹಟವೆಂದೋ ರೋಗದ ಸ್ವಭಾವವೆಂದೋ ನೋಡುವವರು ತಿಳಿಯುತ್ತಾರೆ. ಜೀವಸತ್ತ್ವಗಳಿಗೂ ಸ್ವಲೀನತೆಗೂ ಇರುವ ಸಂಬಂಧದಲ್ಲಿ ಅತ್ಯಂತ ನಿಶ್ಚಿತವಾದ ಭಾಗವು ಇದೇ. ಕೊರತೆಯಿಂದ ಸ್ವಲೀನತೆಯು ಬಂದಿತೆನ್ನುವುದಕ್ಕಿಂತ, ಸ್ವಲೀನತೆಯು ಊಟವನ್ನು ಕುಗ್ಗಿಸಿ, ಊಟವು ಕುಗ್ಗಿ ಕೊರತೆಯು ಬರುವುದು ಕಣ್ಣಿಗೆ ಕಾಣುವ ಸತ್ಯ. ಕಬ್ಬಿಣದ ಕೊರತೆಗೂ ರಾತ್ರಿಯ ಕಾಲಿನ ತಳಮಳಕ್ಕೂ ನಂಟುಂಟು. ಟೊರಾಂಟೊ ನಗರದಲ್ಲಿ ಸ್ವಲೀನತೆಯ ಮಕ್ಕಳಿಗೆ ಕಬ್ಬಿಣವನ್ನು ಕೊಟ್ಟಾಗ ಹಲವರ ನಿದ್ರೆಯ ಚಡಪಡಿಕೆಯು ಇಳಿಯಿತೆಂದು ೨೦೦೭ರಲ್ಲಿ ಪ್ರಕಟವಾಯಿತು. ಅದು ಸಣ್ಣ ಪರೀಕ್ಷೆ, ಹೋಲಿಕೆಯ ಗುಂಪೂ ಇರಲಿಲ್ಲ. 'ಕಾಗೆ' ಅಲ್ಲಿಯೂ ಕುಳಿತಿರಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಹುಳುವಿನ ಮಾತ್ರೆಯನ್ನೂ ಕಬ್ಬಿಣದ ದ್ರವವನ್ನೂ ಬಿಟ್ಟಿಯಾಗಿ ಕೊಟ್ಟರು. ದ್ರವವನ್ನು ಪಿಚಕಾರಿಯಿಂದ ಕೆನ್ನೆಯ ಒಳಮಗ್ಗುಲಿಗೆ ಬಿಡುವ ಉಪಾಯವನ್ನು ದಾದಿಯು ತೋರಿಸಿಕೊಟ್ಟಳು. ಎರಡನೆಯ ತಿಂಗಳು ಗೋಡೆಯನ್ನು ಕೆರೆಯುವುದು ನಿಂತಿತು. ಮೂರನೆಯ ತಿಂಗಳಿನಲ್ಲಿ ಒಂದು ರಾತ್ರಿ ತಾಯಿಯು ಗಾಬರಿಯಾಗಿ ಎಚ್ಚೆತ್ತಳು. ಹುಡುಗನು ಮಗ್ಗುಲಲ್ಲಿ ಮಲಗಿಯೇ ಇದ್ದನು, ಹೊರಗೆ ಬೆಳಕು ಹರಿದಿತ್ತು. ಮಾತು ಬರಲಿಲ್ಲ. ಬರುವುದೆಂದು ವೈದ್ಯೆಯೂ ಹೇಳಿರಲಿಲ್ಲ. ಮಾತಿಗೆ ಮೈಸೂರಿನಲ್ಲಿ ೧೯೬೫ರಿಂದ ನಡೆಯುತ್ತಿರುವ ವಾಕ್ ಶ್ರವಣ ಸಂಸ್ಥೆಯುಂಟು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಉಂಟು; ಅಲ್ಲಿಗೆ ಹೋಗಬೇಕು, ಕಲಿಸಬೇಕು, ವರ್ಷಗಟ್ಟಲೆ ಕಲಿಸಬೇಕು. ತೈತ್ತಿರೀಯದ ಭೃಗುವು ಅನ್ನವೇ ಬ್ರಹ್ಮವೆಂದು ಮೊದಲು ತಿಳಿದನು. ತಂದೆಯು ಆ ಉತ್ತರವನ್ನು ಅಲ್ಲಗಳೆಯಲಿಲ್ಲ, ಮತ್ತೆ ತಪಸ್ಸು ಮಾಡೆಂದು ಕಳುಹಿಸಿದನು.

ಅಜ್ಜಿಯ ತಪಸ್ಸು ಬೇರೆಯ ಬಗೆಯದು. ಮೊದಲು ಆಕೆಯೂ ಒಂದು ತಪ್ಪನ್ನು ಮಾಡಿದಳು. ನುಗ್ಗೆಸೊಪ್ಪನ್ನು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ ಮೊಸರನ್ನದೊಳಗೆ ಚಿಟಿಕೆಯಷ್ಟು ಕಲಸಿದಳು. ಹುಡುಗನು ಒಂದು ತುತ್ತನ್ನು ಬಾಯಿಗಿಟ್ಟು ಉಗುಳಿದನು. ಅನಂತರ ಎರಡು ದಿನ ಶುದ್ಧವಾದ ಮೊಸರನ್ನವನ್ನೂ ಮುಟ್ಟಲಿಲ್ಲ. ನಂಬಿದ್ದ ಮೂರು ಪದಾರ್ಥಗಳಲ್ಲಿಯೇ ಒಂದು ಕೈಕೊಟ್ಟರೆ ಮಗುವು ಏನು ಮಾಡೀತು? ಮಾತು ಕಲಿಸುವ ತರಬೇತಿದಾರಳು ಇದನ್ನು ಕೇಳಿ, “ಅಜ್ಜೀ, ಕದ್ದು ಬೆರೆಸಬೇಡಿ. ಬೇರೆ ತಟ್ಟೆಯಲ್ಲಿ, ಅವನಿಗೆ ಕಾಣುವ ಹಾಗೆ ಇಡಿ. ತಿನ್ನು ಅಂತ ಹೇಳಲೂಬೇಡಿ” ಎಂದಳು.

ಅಂದಿನಿಂದ ಹುಡುಗನ ತಟ್ಟೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ತಟ್ಟೆಯು ಬಂದಿತು. ಒಂದು ದಿನ ನೆಲ್ಲಿಕಾಯಿಯ ಗಾತ್ರದ ಮುದ್ದೆ, ಒಂದು ದಿನ ಹುರಿಹಿಟ್ಟು, ಒಂದು ದಿನ ಬೇಯಿಸಿದ ಅವರೆ. ಅಜ್ಜಿಯು ಎದುರಿಗೆ ಕುಳಿತು ತನ್ನ ಪಾಡಿಗೆ ತಾನು ಉಣ್ಣುವಳು. ಮೊದಲು ಕೆಲವು ವಾರ ಅವನು ಆ ತಟ್ಟೆಯನ್ನು ಹೊಸಲಿನ ಆಚೆಗೆ ಇಟ್ಟು ಬರುವನು. ಬಳಿಕ ತಟ್ಟೆಯು ಕೋಣೆಯಲ್ಲಿಯೇ ಉಳಿಯಿತು. ಆಮೇಲೆ ಒಂದು ದಿನ ಮುದ್ದೆಯನ್ನು ಬೆರಳಿನಿಂದ ಒತ್ತಿ, ಗುಳಿ ಬಿದ್ದುದನ್ನು ನೋಡಿ, ಮತ್ತೆ ಒತ್ತಿದನು. ಅಜ್ಜಿಯು ಸೊಸೆಯನ್ನು ಕರೆದು ಕಣ್ಣಿನಲ್ಲಿಯೇ ತೋರಿಸಿದಳು. ಸೀಸೆಗಳು ಇನ್ನೂ ದೇವರ ಗೂಡಿನ ಪಕ್ಕದಲ್ಲಿಯೇ ಇದ್ದುವು. ಅವನ್ನು ತೆಗೆದುಬಿಡುವ ಮನಸ್ಸು ತಂದೆಗೆ ಬಂದಿರಲಿಲ್ಲ, ತೆಗೆಯೆಂದು ಯಾರೂ ಹೇಳಲೂ ಇಲ್ಲ.

ಕಾರ್ತಿಕದಲ್ಲಿ ಪಾವಗಡದಿಂದ ಹುಡುಗನ ಸೋದರಮಾವನು ಹೊಸ ಕಡಲೆಕಾಯಿಯ ಒಂದು ಚೀಲವನ್ನು ಹೊತ್ತು ಬಂದನು. ಅಜ್ಜಿಯು ಮರಳಿನಲ್ಲಿ ಹುರಿದು, ಬಿಡಿಸಿ, ನಾಲ್ಕು ಬೀಜಗಳನ್ನು ಪುಟ್ಟ ತಟ್ಟೆಯಲ್ಲಿಟ್ಟಳು. ಅವನು ಒಂದನ್ನು ಹಲ್ಲಿನ ನಡುವೆ ಇಟ್ಟು ಕಡಿದನು. ಬಿಸ್ಕತ್ತಿನಂತೆಯೇ ಸದ್ದಾಯಿತು. ಇನ್ನೊಂದನ್ನು ಕಡಿದನು. ಈಗ ಅವನು ನಾಲ್ಕು ಪದಾರ್ಥಗಳನ್ನು ತಿನ್ನುತ್ತಾನೆ. ಬೀಜವನ್ನು ಅಜ್ಜಿಯೇ ಬಿಡಿಸಿಕೊಡಬೇಕು. ಮೇಲಿನ ಕೆಂಪು ಹೊಟ್ಟು ಸಾಸಿವೆಯಷ್ಟು ಉಳಿದಿದ್ದರೂ ತಟ್ಟೆಯು ಹೊಸಲಿನ ಆಚೆಗೆ ಹೋಗುತ್ತದೆ.